ದುಡ್ಡು ಕೊಟ್ಟ ಪುಸ್ತಕಕ್ಕೆ ಹಕ್ಕು ಕೇಳೋಣ

ಪುಸ್ತಕ ಕೊಂಡೇ ಓದಬೇಕೆ, ಎರವಲು ತಂದರೆ ಸಾಲದೆ ಎಂಬ ಚರ್ಚೆಯಲ್ಲಿ ಒಂದು ಲೆಕ್ಕ ಸದಾ ಬಿಟ್ಟುಹೋಗುತ್ತದೆ. ಉಡುಪಿ ನಗರಸಭೆಗೋ ಕಾಪು, ಕಾರ್ಕಳದ ಪುರಸಭೆಗೋ ಆಸ್ತಿ ತೆರಿಗೆ ಕಟ್ಟುವವರು ಅದರ ಜತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿಕೊಟ್ಟ ವ್ಯವಸ್ಥೆ ಇದು. ಮಣಿಪಾಲದ ಬಾಡಿಗೆ ಕೋಣೆಯ ವಿದ್ಯಾರ್ಥಿಗೂ ಇದರಿಂದ ವಿನಾಯಿತಿಯಿಲ್ಲ. ಮನೆ ಮಾಲೀಕರು ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸದೆ ಬಿಟ್ಟಾರೆಯೇ? ಅಂದಮೇಲೆ ಗ್ರಂಥಾಲಯದ ಪುಸ್ತಕ ಪುಕ್ಕಟೆಯದಲ್ಲ. ಅದಕ್ಕೆ ದುಡ್ಡು ಕೊಟ್ಟಾಗಿದೆ.

ಸ್ವಂತ ಪುಸ್ತಕದ ಮೋಹ ಸಣ್ಣದೆಂದು ಹೇಳುತ್ತಿಲ್ಲ. ನಿಘಂಟು, ಮತ್ತೆ ಮತ್ತೆ ತಿರುವಿಹಾಕುವ ಕಾವ್ಯ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಬೇಕೆನಿಸುವ ಬರಹ ಮನೆಯಲ್ಲೇ ಇರಬೇಕು. ಉಳಿದವನ್ನು ಕರಾವಳಿಯ ಮಳೆ, ಬೂಷ್ಟು, ಗೆದ್ದಲುಗಳಿಂದ ಕಾಯುವವರು ಯಾರು? ಮಕ್ಕಳು ಮುಂಬೈಗೋ ಕೊಲ್ಲಿ ದೇಶಕ್ಕೋ ಹೋದ ಮನೆಯಲ್ಲಿ ಅಪ್ಪನ ಕಪಾಟು ಎಷ್ಟೋ ಸಲ ಕಿಲೋ ಲೆಕ್ಕದಲ್ಲಿ ಗುಜರಿ ಸೇರುತ್ತದೆ.

ಮಂಜೇಶ್ವರದ ಗೋವಿಂದ ಪೈಗಳಿಗಿಂತ ದೊಡ್ಡ ಪುಸ್ತಕಪ್ರೇಮಿ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಅವರು 1963ರಲ್ಲಿ ತೀರಿಕೊಂಡರು. ಹಲವು ಭಾಷೆಗಳ ಅವರ ಗ್ರಂಥರಾಶಿ ಇಂದು ಉಡುಪಿಯ ಎಂಜಿಎಂ ಕಾಲೇಜಿನಲ್ಲಿ, ಅವರದೇ ಹೆಸರಿನ ಸಂಶೋಧನ ಕೇಂದ್ರದಲ್ಲಿದೆ. ಒಬ್ಬರ ಸ್ವತ್ತಾಗಿಯೇ ಉಳಿದಿದ್ದರೆ ಅವು ಸಂಶೋಧಕರ ಕೈಗೆ ಸಿಗುತ್ತಿದ್ದವೆಂದು ನನಗನಿಸುವುದಿಲ್ಲ.

ಎಲ್ಲರೂ ಎರವಲು ತಂದರೆ ಲೇಖಕರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಬ್ರಿಟನ್ 1979ರಲ್ಲಿ ಕಾನೂನು ಮಾಡಿ, ಗ್ರಂಥಾಲಯದಿಂದ ಪುಸ್ತಕ ಎರವಲು ಹೋದದ್ದಕ್ಕೆ ಲೇಖಕರಿಗೆ ಹಣ ಸಲ್ಲುವಂತೆ ಮಾಡಿತು. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಆದರೆ ಕನ್ನಡ ಪ್ರಕಾಶಕರಿಗೆ ಗ್ರಂಥಾಲಯವೇ ದೊಡ್ಡ ಗಿರಾಕಿ. ಸರ್ಕಾರದ ಸಗಟು ಖರೀದಿಯಲ್ಲಿ ಆಯ್ಕೆಯಾದರೆ 300 ಪ್ರತಿ ಒಮ್ಮೆಲೇ ಹೋಗುತ್ತವೆ. ಸಾವಿರ ಪ್ರತಿ ಅಚ್ಚು ಹಾಕಲು ಹಿಂದೆಮುಂದೆ ನೋಡುವವರಿಗೆ ಇದು ಸಣ್ಣ ಮಾತಲ್ಲ. ಖರೀದಿ ತಡವಾಗುತ್ತದೆ, ಬಿಲ್ ಬಾಕಿ ಉಳಿಯುತ್ತದೆ ಎಂಬುದು ಅವರ ಹಳೆಯ ಗೋಳು. ಹಾಗಾಗಿ ಗ್ರಂಥಾಲಯ ಸೊರಗಿದರೆ ಓದುಗನ ಜತೆ ಲೇಖಕನೂ ಸೊರಗುತ್ತಾನೆ.

ಸೊರಗುತ್ತಿರುವುದು ಓದುವವರಿಲ್ಲದೆ ಎಂದು ಹೇಳಿಬಿಡುವುದು ಸುಲಭ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಇಟ್ಟುಕೊಳ್ಳುವ ಚಾಳಿಯನ್ನು ಯಾರೂ ಎತ್ತುವುದಿಲ್ಲ. ಬೆಂಗಳೂರು ಪಾಲಿಕೆಯ ಬಾಕಿಯೇ ನೂರಾರು ಕೋಟಿಗೆ ಏರಿತ್ತು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳಾಗಿವೆ. ಹೆಸರು ಹೊಸದಾದರೆ ಸಾಲದು, ಕಪಾಟಿನಲ್ಲಿ ಹೊಸ ಪುಸ್ತಕವೂ ಬೇಕು.

ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ: ಈ ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ಗ್ರಂಥಾಲಯಕ್ಕೆ ಕೊಟ್ಟದ್ದೆಷ್ಟು? ಕೇಳುವ ಮೊದಲು ಸದಸ್ಯತ್ವದ ಕಾರ್ಡೊಂದನ್ನು ಮಾಡಿಸಿಕೊಳ್ಳಿ.