ಸೇರು ಯಾರ ಕೈಯಲ್ಲಿದೆ?

1956ರ ತೂಕ ಮತ್ತು ಅಳತೆಗಳ ಕಾನೂನು ಬರುವ ಮುನ್ನ ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದವು. ಲಾಭವಾದದ್ದು ಅಳತೆಯನ್ನು ತನ್ನ ಕೈಯಲ್ಲಿಟ್ಟುಕೊಂಡ ಸಾಹುಕಾರನಿಗೆ. ಯುದ್ಧಸಾಮಗ್ರಿಯ ಪೇಟೆಯಲ್ಲಿ ಇಂದಿಗೂ ಇದೇ ವ್ಯವಹಾರ. ಯುದ್ಧವೇ ಬೇಡವೆನ್ನುವವರು ನಾವು. ಆದರೆ ಖರ್ಚಾಗುವುದು ಜನರ ಹಣವಾದ್ದರಿಂದ ಲೆಕ್ಕ ಕೇಳಲೇಬೇಕು.

ಅಮೆರಿಕದ ಎಫ್-35 ಯುದ್ಧವಿಮಾನವನ್ನು ನೋಡಿ. ಕಟ್ಟುವುದು ಲಾಕ್‌ಹೀಡ್ ಮಾರ್ಟಿನ್ ಕಂಪನಿ, ಹಣ ತೆರಿಗೆದಾರನದು. ರಿಪೇರಿಗೆ ಬೇಕಾದ ತಾಂತ್ರಿಕ ವಿವರಗಳ ಹಕ್ಕನ್ನು ಮಾತ್ರ ಸರಕಾರ ಮೊದಲೇ ಬರೆಸಿಕೊಳ್ಳಲಿಲ್ಲ. 2023ರ ಮಾರ್ಚಿನಲ್ಲಿ ನೂರಕ್ಕೆ ಸುಮಾರು 55 ವಿಮಾನಗಳಷ್ಟೇ ಕೆಲಸಕ್ಕೆ ಸಿದ್ಧವಿದ್ದವೆಂದು ಅಲ್ಲಿಯ ಸರಕಾರಿ ಲೆಕ್ಕಪರಿಶೋಧಕರೇ ವರದಿ ಮಾಡಿದರು. ಸೇನೆಯ ಕಾರ್ಖಾನೆಗಳ ಕೆಲಸಗಾರರಿಗೆ ಕಸಬಿದೆ, ಕಾಗದವಿಲ್ಲ. ಕಂಪನಿಯ ಬಾಗಿಲು ಕಾಯಬೇಕು. ಮಗ್ಗ ಕೆಟ್ಟರೆ ಜಾಬರ್ ಮುಟ್ಟಕೂಡದು, ಮಗ್ಗ ಮಾರಿದವರೇ ಬರಬೇಕೆಂದರೆ ನಮ್ಮ ಗಿರಣಿಗಳ ಗತಿಯೇನು?

ಇದಕ್ಕೆ ಪರಿಹಾರವುಂಟು. ಯಂತ್ರವನ್ನು ಬಿಡಿ ಬಿಡಿ ಭಾಗಗಳಾಗಿ ಕಟ್ಟಬೇಕು. ಒಂದು ಭಾಗ ಇನ್ನೊಂದಕ್ಕೆ ಕೂಡುವ ಜಾಗದ ಅಳತೆ, ತಂತಿ, ಸಂಕೇತಗಳು ಎಲ್ಲರಿಗೂ ತೆರೆದ ಸ್ಟ್ಯಾಂಡರ್ಡಿನಂತೆ ಇರಬೇಕು. ಆಗ ಒಬ್ಬನ ರೇಡಾರು, ಮತ್ತೊಬ್ಬನ ರೇಡಿಯೋ, ಇನ್ನೊಬ್ಬನ ಕಂಪ್ಯೂಟರು ಒಂದೇ ವಿಮಾನದಲ್ಲಿ ಕೆಲಸ ಮಾಡುತ್ತವೆ. ಹಳತಾದದ್ದನ್ನಷ್ಟೇ ತೆಗೆದು ಬದಲಾಯಿಸಬಹುದು. ಬಲ್ಬು ಯಾವ ಕಂಪನಿಯದಾದರೂ ಮನೆಯ ಹೋಲ್ಡರಿಗೆ ಕೂರುವುದಿಲ್ಲವೇ? 2019ರ ಜನವರಿ 1ರ ನಂತರದ ದೊಡ್ಡ ಯುದ್ಧಸಾಮಗ್ರಿ ಯೋಜನೆಗಳೆಲ್ಲ ಈ ಕ್ರಮದಲ್ಲೇ ಇರಬೇಕೆಂದು ಅಮೆರಿಕ 2016ರ ಡಿಸೆಂಬರಿನಲ್ಲಿ ಕಾನೂನು ಮಾಡಿತು. ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಕಿಂಡಿಯನ್ನೂ ಬಿಟ್ಟಿತು! ಧಣಿಗಳಿಗೆ ಅಷ್ಟು ಸಾಕು. ಸಾಲದ್ದಕ್ಕೆ, ಈ ಸ್ಟ್ಯಾಂಡರ್ಡುಗಳನ್ನು ಬರೆಯುವ ಕೂಟಗಳಲ್ಲಿ ಸೇನೆಯವರ ಪಕ್ಕದಲ್ಲೇ ದೊಡ್ಡ ಕಂಪನಿಗಳ ಪ್ರತಿನಿಧಿಗಳೂ ಕುಳಿತಿದ್ದಾರೆ. ಹೊರಗಿನ ಸಂದು ತೆರೆದಿಟ್ಟು ಒಳಗಿನದಕ್ಕೆ ಬೀಗ ಜಡಿದರೆ ಕೇಳುವವರಾರು?

ಇದು ಆಗದ ಕೆಲಸವೆಂದು ಮಾತ್ರ ಯಾರೂ ಹೇಳಬಾರದು. ನಮ್ಮ ವಾಯುದಳದ ಸುಖೋಯ್-30 ಎಂಕೆಐ ವಿಮಾನದ ಒಡಲು ರಷ್ಯದ್ದು. ಫ್ರಾನ್ಸಿನ, ಇಸ್ರೇಲಿನ ಉಪಕರಣಗಳ ಜತೆಗೆ ಅದರಲ್ಲಿ ಭಾರತದ್ದೇ ಕಂಪ್ಯೂಟರುಗಳಿವೆ. ನಾಲ್ಕು ದೇಶದ ಸಾಮಾನು ಒಂದೇ ವಿಮಾನದಲ್ಲಿ ಹಾರುತ್ತಿದೆ.

ಆದುದರಿಂದ ನಮ್ಮ ಸಂಸತ್ ಸದಸ್ಯರು ದೆಹಲಿಯಲ್ಲಿ ಒಂದು ಪ್ರಶ್ನೆ ಎತ್ತಬೇಕು. ಮುಂದೆ ಕೊಳ್ಳುವ ಪ್ರತಿಯೊಂದು ವಿಮಾನದ ಕರಾರಿನಲ್ಲಿ, ಮೊದಲ ಕಂತು ಸಲ್ಲುವ ಮುನ್ನವೇ, ಜೋಡಣೆಯ ವಿವರಗಳೂ ಬೆಂಗಳೂರಿನ ಎಚ್.ಎ.ಎಲ್. ಕೆಲಸಗಾರರು ಅದನ್ನು ಬಿಚ್ಚಿ ರಿಪೇರಿ ಮಾಡುವ ಹಕ್ಕೂ ಬರಹದಲ್ಲಿ ಇರುತ್ತವೆಯೇ, ಇಲ್ಲವೇ?