ಓಟಕ್ಕೊಂದು ಎಲ್ಲೆ

ದುಃಖದ ಪರಾಕಾಷ್ಠೆ, ಆನಂದದ ಪರಾಕಾಷ್ಠೆ ಎಂದು ನಾವು ಮಾತಿನಲ್ಲಿ ಪದೇ ಪದೇ ಹೇಳುವುದುಂಟು. ಈ ಶಬ್ದದ ಹುಟ್ಟು ಓಟದ ಬಯಲಿನಲ್ಲಿದೆಯೆಂಬುದನ್ನು ಬಹಳ ಮಂದಿ ಗಮನಿಸಿರಲಾರರು. ವೇದಗಳ ಭಾಷೆಯಲ್ಲಿ ಆಜಿಯೆಂದರೆ ಓಟದ ಪಂದ್ಯ. ಕಾಷ್ಠೆಯೆಂದರೆ ಆ ಪಂದ್ಯದ ಹಾದಿ, ಮತ್ತು ಹಾದಿಯ ಕೊನೆಯನ್ನು ತೋರಿಸುವ ಗುರುತು. ವಾಜಪೇಯ ಯಾಗದಲ್ಲಿ ಹದಿನೇಳು ರಥಗಳ ಓಟ ನಡೆಯತಕ್ಕದ್ದು. ಬಿಲ್ಲುಗಾರನೊಬ್ಬನು ಹದಿನೇಳು ಬಾಣಗಳ ದೂರವನ್ನು ಅಳೆದು ಕೊಡುವನು. ಅಲ್ಲಿ ಅತ್ತಿಯ ಕೊಂಬೆಯನ್ನು ನೆಡುವರು. ರಥಗಳು ಅದನ್ನು ಸುತ್ತಿಕೊಂಡು ಹಿಂದಿರುಗಬೇಕು. ವೇಗವನ್ನು ನಮ್ಮ ಪೂರ್ವಿಕರು ನಿಷೇಧಿಸಲಿಲ್ಲ. ಆದರೆ ಅದಕ್ಕೆ ಎಲ್ಲೆಯನ್ನು ಗೊತ್ತುಮಾಡಿದ ಮೇಲೆಯೇ ರಥವನ್ನು ಬಿಟ್ಟರು.

ಈ ಹಳೆಯ ಸಂಗತಿಯನ್ನು ಜ್ಞಾಪಿಸಿಕೊಳ್ಳುವುದಕ್ಕೆ ಕಾರಣವುಂಟು. ಸ್ಪೇನ್ ದೇಶದ ರಾಷ್ಟ್ರೀಯ ಮೋಟಾರು ಪಂದ್ಯವು ೧೯೯೧ರಿಂದ ಬಾರ್ಸಿಲೋನದ ಬಳಿ ನಡೆಯುತ್ತಿದ್ದಿತು. ೨೦೨೬ರಿಂದ ಆ ಹೆಸರಿನ ಪಂದ್ಯವನ್ನು ಮ್ಯಾಡ್ರಿಡ್ ನಗರಕ್ಕೆ ಕೊಡತಕ್ಕದ್ದೆಂದು ೨೦೨೪ರ ಜನವರಿಯಲ್ಲಿ ಪ್ರಕಟವಾಯಿತು. ದೂರದೇಶದ ಓಟವು ಎಲ್ಲಿ ನಡೆದರೆ ನಮಗೇನು ಎಂದು ವಾಚಕರು ಕೇಳಬಹುದು. ಆ ಓಟದಿಂದ ನಮಗೆ ಆಗಬೇಕಾದದ್ದು ಏನೂ ಇಲ್ಲ, ನಿಜ. ಆದರೆ ಒಂದು ಪಂದ್ಯವು ಒಂದು ನೆಲವನ್ನು ಬಿಟ್ಟು ಮತ್ತೊಂದಕ್ಕೆ ಏಕೆ ಹೋಗುತ್ತದೆ, ಹೋದಾಗ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ವಿಚಾರವು ಮನೆಯಲ್ಲಿ ಬೆಳೆದ ಮಕ್ಕಳಿರುವ ಪ್ರತಿಯೊಬ್ಬ ಗೃಹಸ್ಥನಿಗೂ ಸಂಬಂಧಪಟ್ಟದ್ದು.

ಜರ್ಮನಿಯ ಕಥೆಯನ್ನು ಮೊದಲು ನೋಡೋಣ. ಅಲ್ಲಿಯ ರಾಷ್ಟ್ರೀಯ ಪಂದ್ಯವು ನ್ಯೂರ್ಬುರ್ಗ್‌ರಿಂಗ್ ಎಂಬ ಬೆಟ್ಟಗಾಡಿನ ದಾರಿಯಲ್ಲಿ ನಡೆಯುತ್ತಿದ್ದಿತು. ಒಂದು ಸುತ್ತಿಗೆ ಸುಮಾರು ೨೩ ಕಿಲೋಮೀಟರು. ೧೯೭೬ರ ಆಗಸ್ಟ್ ೧ರಂದು ಆಸ್ಟ್ರಿಯದ ನಿಕಿ ಲೌಡಾ ಎಂಬಾತನ ಗಾಡಿಯು ಅಪಘಾತಕ್ಕೀಡಾಗಿ ಬೆಂಕಿ ಹತ್ತಿಕೊಂಡಿತು. ಅಷ್ಟು ಉದ್ದದ ದಾರಿಯಲ್ಲಿ ಮೂಲೆಮೂಲೆಗೂ ನೆರವಿನವರನ್ನು ನಿಲ್ಲಿಸುವುದು ಸಾಧ್ಯವಿರಲಿಲ್ಲ. ಹಿಂದೆ ಬರುತ್ತಿದ್ದ ಸಹಸ್ಪರ್ಧಿಗಳೇ ತಮ್ಮ ಗಾಡಿಗಳನ್ನು ನಿಲ್ಲಿಸಿ, ಆತನನ್ನು ಉರಿಯ ಮಧ್ಯದಿಂದ ಹೊರಗೆಳೆದರು. ಆತ ಬದುಕಿಕೊಂಡನು, ಆರು ವಾರಗಳಲ್ಲಿ ಮತ್ತೆ ಪಂದ್ಯಕ್ಕೂ ಇಳಿದನು. ಆದರೆ ಮಾರನೆಯ ವರ್ಷ ಜರ್ಮನಿಯ ಪಂದ್ಯವು ಹಾಕನ್‌ಹೈಮಿಗೆ ಹೋಯಿತು. ನೆರವು ತಲಪಲಾರದ ಎಡೆಯಲ್ಲಿ ವೇಗವಿರಕೂಡದೆಂಬುದು ಇಲ್ಲಿಯ ಪಾಠ.

ಸ್ವಿಟ್ಜರ್ಲೆಂಡಿನ ಕಥೆ ಇನ್ನೂ ವಿಚಿತ್ರವಾದದ್ದು. ೧೯೫೫ರ ಜೂನ್ ೧೧ರಂದು ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ಓಟದ ಗಾಡಿಯೊಂದು ಸಿಡಿದು ಪ್ರೇಕ್ಷಕರ ಮೇಲೆ ಬಿದ್ದು, ಎಂಬತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಸತ್ತವರಲ್ಲಿ ಒಬ್ಬನನ್ನುಳಿದು ಮಿಕ್ಕವರೆಲ್ಲರೂ ನೋಡಲು ಬಂದವರು. ಆ ದುರಂತದ ಬಳಿಕ ಸ್ವಿಟ್ಜರ್ಲೆಂಡು ತನ್ನ ನೆಲದಲ್ಲಿ ಇಂಥ ಪಂದ್ಯಗಳನ್ನೇ ನಿಷೇಧಿಸಿತು. ೧೯೮೨ರಲ್ಲಿ ಸ್ವಿಸ್ ಪಂದ್ಯವೆಂಬ ಹೆಸರಿನ ಓಟವು ಫ್ರಾನ್ಸಿನ ಡಿಜಾನ್ ಎಂಬ ಊರಿನಲ್ಲಿ ನಡೆಯಿತು. ದೇಶದ ಹೆಸರು ಒಂದು, ನೆಲ ಮತ್ತೊಂದು! ಹೆಸರಿಗಾಗಿ ಪ್ರಜೆಯ ಪ್ರಾಣವನ್ನು ಪಣಕ್ಕಿಡಲಾರೆವೆಂದು ಒಂದು ಸಣ್ಣ ದೇಶವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಟ ಹಿಡಿದದ್ದನ್ನು ನಾನು ಹಾಸ್ಯಮಾಡಲಾರೆ.

ಮೂರನೆಯದು ಆಸ್ಟ್ರೇಲಿಯದ ಕಥೆ. ಅಲ್ಲಿ ೧೯೮೫ರಿಂದ ಅಡಿಲೇಡ್ ನಗರದಲ್ಲಿ ನಡೆಯುತ್ತಿದ್ದ ಪಂದ್ಯವನ್ನು ೧೯೯೬ರಲ್ಲಿ ಮೆಲ್ಬರ್ನ್ ನಗರವು ತನ್ನ ಕಡೆಗೆ ಸೆಳೆದುಕೊಂಡಿತು. ಇಲ್ಲಿ ಅಪಘಾತವೂ ಇಲ್ಲ, ಕಾಯಿದೆಯೂ ಇಲ್ಲ. ನಗರ ನಗರಗಳ ಪ್ರತಿಷ್ಠೆ. ಓಟದ ಹಾದಿಯಾದದ್ದು ಆಲ್ಬರ್ಟ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದ ಕೆರೆಯ ಸುತ್ತಣ ರಸ್ತೆ. ಅಲ್ಲಿಯ ನಿವಾಸಿಗಳು ಹಳದಿಯ ಪಟ್ಟಿಗಳನ್ನು ಕಟ್ಟಿ ಪ್ರತಿಭಟಿಸಿದರು. ಹಲವರು ಸೆರೆಗೂ ಸಿಕ್ಕಿದರು. ಆದರೂ ಪಂದ್ಯ ನಡೆದೇ ನಡೆಯಿತು. ನಮ್ಮ ಸ್ಯಾಂಕಿ ಕೆರೆಯ ಸುತ್ತಣ ದಾರಿಗೆ ಬೇಲಿ ಹಾಕಿ, ನಾಲ್ಕು ದಿವಸ ಸಂಜೆಯ ವಾಯುವಿಹಾರವಿಲ್ಲವೆಂದರೆ ಮಲ್ಲೇಶ್ವರದ ಹಿರಿಯರು ಏನೆನ್ನುವರೆಂಬುದನ್ನು ಊಹಿಸಿಕೊಂಡರೆ, ಆ ಜನರ ಮನಸ್ಸು ನಮಗೂ ತಿಳಿಯುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದರಾಸಿನ ಉತ್ತರಕ್ಕೆ ಶೋಲಾವರಂ ಎಂಬಲ್ಲಿ ವಿಮಾನಗಳಿಗಾಗಿ ಒಂದು ಓಡುದಾರಿಯನ್ನು ಮಾಡಿದ್ದರು. ಯುದ್ಧ ಮುಗಿದ ಮೇಲೆ ಅದು ಮೋಟಾರು ಪಂದ್ಯಗಳ ಬಯಲಾಯಿತು. ೧೯೫೩ರಲ್ಲಿ ಸ್ಥಾಪಿತವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ನಡೆಸುತ್ತಿದ್ದ ಪಂದ್ಯಕ್ಕೆ ಬೆಂಗಳೂರು, ಕೊಯಮತ್ತೂರು, ಕಲ್ಕತ್ತ, ಬೊಂಬಾಯಿಗಳಿಂದ ಓಟಗಾರರು ಬರುತ್ತಿದ್ದರು. ಆದರೆ ವಿಮಾನಕ್ಕೆಂದು ಮಾಡಿದ ನೇರದಾರಿಯು ವಿಮಾನಕ್ಕೇ ಸರಿ. ತಿರುವುಗಳ ಹದ, ಜಾರಿದ ಗಾಡಿಗೆ ಹೊರಬದಿಯ ತೆರಪು, ಪ್ರೇಕ್ಷಕನಿಗೂ ಗಾಡಿಗೂ ನಡುವೆ ಇರತಕ್ಕ ಅಂತರ, ಇವೆಲ್ಲವೂ ಓಟಕ್ಕೆಂದೇ ಕಟ್ಟಿದ ಹಾದಿಯಲ್ಲಿ ಮಾತ್ರ ಒದಗುತ್ತವೆ. ಕ್ಲಬ್ಬಿನವರು ಅಂಥ ಹಾದಿಯನ್ನು ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ಕಟ್ಟಿಸಿದರು. ೧೯೯೦ರಲ್ಲಿ ಅದು ತೆರೆಯಿತು. ಒಂದು ಸುತ್ತಿಗೆ ಸುಮಾರು ೩.೭ ಕಿಲೋಮೀಟರು. ಶ್ರೀ ರಾಮಾನುಜಾಚಾರ್ಯರ ಜನ್ಮಸ್ಥಳದ ನೆರೆಯಲ್ಲಿ ಯಂತ್ರರಥಗಳ ಓಟ! ಕಾಲದ ಗತಿ ವಿಚಿತ್ರವಾದರೂ ಈ ಸ್ಥಳಾಂತರವು ವಿವೇಕದ ಕೆಲಸವೆಂದೇ ನನ್ನ ಅಭಿಪ್ರಾಯ. ಎರವಲು ನೆಲದಿಂದ ಪಂದ್ಯವು ತನ್ನ ಸ್ವಂತ ನೆಲಕ್ಕೆ ಹೋಯಿತು.

ಅನಂತರ ೨೦೧೧ರಲ್ಲಿ ದೆಹಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ಬುದ್ಧನ ಹೆಸರಿನ ಭಾರಿ ಓಟದ ಹಾದಿ ಸಿದ್ಧವಾಯಿತು. ೫ ಕಿಲೋಮೀಟರಿಗೂ ಮಿಕ್ಕ ಆ ಹಾದಿಯಲ್ಲಿ ಜಗತ್ಪ್ರಸಿದ್ಧವಾದ ಫಾರ್ಮುಲಾ ಒನ್ ಪಂದ್ಯವು ಮೂರೇ ವರ್ಷ ನಡೆದು, ೨೦೧೩ಕ್ಕೆ ನಿಂತಿತು. ಇದು ಕ್ರೀಡೆಯೋ ಮನೋರಂಜನೆಯೋ, ತೆರಿಗೆ ಎಷ್ಟು, ಯಾರು ಕೊಡತಕ್ಕದ್ದು ಎಂಬ ವ್ಯಾಜ್ಯಗಳ ನಡುವೆ ಓಟ ಹೊರಟುಹೋಯಿತು. ಹಾದಿಯೊಂದಿದ್ದರೆ ಸಾಲದು, ಅದನ್ನು ನಡೆಸುವ ವ್ಯವಸ್ಥೆಯೂ ಬೇಕೆಂಬುದಕ್ಕೆ ಇದು ನಿದರ್ಶನ.

ಈಚೆಗೆ ಗಾಳಿ ಮತ್ತೆ ಹಿಂದಕ್ಕೆ ತಿರುಗಿದೆ. ೨೦೨೩ರ ಫೆಬ್ರವರಿಯಲ್ಲಿ ಹೈದರಾಬಾದಿನವರು ಹುಸೇನ್ ಸಾಗರದ ದಡದಲ್ಲಿ ವಿದ್ಯುತ್ ಗಾಡಿಗಳ ಪಂದ್ಯವನ್ನು ನಡೆಸಿದರು; ಮರುವರ್ಷ ಅದು ರದ್ದಾಯಿತು. ಚೆನ್ನೈನಲ್ಲಿ ಐಲೆಂಡ್ ಗ್ರೌಂಡ್ಸಿನ ಸುತ್ತಣ ರಸ್ತೆಗಳಲ್ಲಿ ೨೦೨೩ರ ಡಿಸೆಂಬರಿಗೆ ಗೊತ್ತಾಗಿದ್ದ ಓಟವು ಮಿಚಾಂಗ್ ಚಂಡಮಾರುತದ ನೆರೆಯಿಂದ ಮುಂದಕ್ಕೆ ಹೋಗಿ, ೨೦೨೪ರ ಆಗಸ್ಟ್ ಕೊನೆಯಲ್ಲಿ ರಾತ್ರಿಯ ದೀಪಗಳಡಿ ನಡೆಯಿತು. ಊರಿನಿಂದ ಹೊರಕ್ಕೆ ಹೋಗಿದ್ದ ಓಟವು ಊರೊಳಕ್ಕೆ ಮರಳಿತು. ನಡೆಸಿದವರು ಬೇಲಿ ಕಟ್ಟಿ, ಅಧಿಕೃತ ಪರೀಕ್ಷೆಯನ್ನು ಮುಗಿಸಿಕೊಂಡೇ ನಡೆಸಿದರೆಂಬುದನ್ನು ಒಪ್ಪುತ್ತೇನೆ. ಆದರೂ ಸಾವಿರಾರು ಬಾಲಕರು ತಾವು ದಿನವೂ ನಡೆದಾಡುವ ರಸ್ತೆಯಲ್ಲಿ ಆ ವೇಗವನ್ನು ಕಣ್ಣಾರೆ ಕಂಡರು. ಬೇಲಿ ಬಿಚ್ಚಿದ ಮೇಲೆ ಅವರ ಕಣ್ಣಿನಲ್ಲಿ ಉಳಿಯುವುದು ಬೇಲಿಯೋ, ವೇಗವೋ?

ನಮ್ಮ ಊರಿಗೂ ಒಂದು ಓಟವು ಸ್ಥಳ ಬಿಟ್ಟು ಬಂದದ್ದುಂಟು. ಆದರೆ ಅದು ಮೋಟಾರಿನದಲ್ಲ. ೨೦೨೩ರ ನವೆಂಬರ್ ೨೫, ೨೬ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಕರಾವಳಿಯ ಕಂಬಳ ನಡೆಯಿತು. ನೂರಕ್ಕೂ ಮಿಕ್ಕ ಜೋಡಿ ಕೋಣಗಳು ಲಾರಿಗಳಲ್ಲಿ ಘಟ್ಟ ಹತ್ತಿ ಬಂದವು. ನೋಡಲು ಜನ ಕಿಕ್ಕಿರಿದು ಸೇರಿದರು; ಊರು ಬಿಟ್ಟು ಬಂದ ತುಳುನಾಡಿನವರಿಗೆ ತವರೇ ಬಂದಂತಾಯಿತು. ಆದರೆ ಕಂಬಳವು ಗದ್ದೆಯ ಮಗು. ಕೊಯಿಲಾದ ಗದ್ದೆ, ಅದರ ಒಡೆತನದ ಮನೆತನ, ಊರಿನ ದೈವದ ಅಪ್ಪಣೆ, ಇವುಗಳೊಡನೆ ಅದು ಬೆಳೆದದ್ದು. ಬೆಂಗಳೂರಿಗೆ ಕೋಣ ಬಂದಿತು, ಕೆಸರು ಬಂದಿತು, ಗದ್ದೆ ಬರಲಿಲ್ಲ. ಆದಕಾರಣ ಅದು ಇಲ್ಲಿಗೆ ಅತಿಥಿಯಾಗಿ ಬರಬಹುದೇ ಹೊರತು ಇಲ್ಲಿಯೇ ಬೇರುಬಿಡಲಾರದು. ಮೋಟಾರಿನ ಪಂದ್ಯಕ್ಕಾದರೋ ಇಂಥ ಬೇರಿಲ್ಲ. ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಎಲ್ಲಿಗೆ ಬೇಕಾದರೂ ಒಯ್ಯಬಹುದಾದುದರಿಂದಲೇ ಎಲ್ಲಿಗೆಂಬುದನ್ನು ಹೆಚ್ಚು ಯೋಚಿಸಬೇಕು.

ಈ ವಿಷಯವನ್ನು ನಾನು ಪುಸ್ತಕದ ವಿಚಾರವಾಗಿ ಬರೆಯುತ್ತಿಲ್ಲ. ಸಂಪಿಗೆ ರಸ್ತೆಯಲ್ಲಿ ಹಗಲು ಹೂವಿನ ಬುಟ್ಟಿಗಳೂ ತರಕಾರಿಯ ಗಾಡಿಗಳೂ ತುಂಬಿ, ಮನುಷ್ಯನು ನಡೆಯುವುದೇ ಪ್ರಯಾಸ. ರಾತ್ರಿ ಹನ್ನೊಂದು ದಾಟಿದರೆ ಅದೇ ರಸ್ತೆ ಬರಿದಾಗುತ್ತದೆ. ಆಗ ಕೆಲವು ಹುಡುಗರ ಮೋಟಾರು ಸೈಕಲ್ಲುಗಳ ಆರ್ಭಟ ಆರಂಭ. ಮುಂದಿನ ಚಕ್ರವನ್ನು ಎತ್ತಿ ಹಿಂದಿನ ಚಕ್ರದ ಮೇಲೆಯೇ ಓಡಿಸುವುದು ಅವರಿಗೆ ಶೌರ್ಯ. ಮೊನ್ನೆ ನಮ್ಮ ನೆರೆಯ ಗೃಹಸ್ಥರೊಬ್ಬರು ಬಂದು, "ಮೇಷ್ಟ್ರೇ, ನಮ್ಮ ಹುಡುಗನಿಗೆ ಹದಿನೆಂಟು ತುಂಬಿತೆಂದು ಗಾಡಿ ಕೊಡಿಸಿದೆ. ಈಗ ಶ್ರೀಪೆರಂಬುದೂರಿಗೆ ಹೋಗಿ ಪಂದ್ಯದ ಶಿಕ್ಷಣ ಪಡೆಯುತ್ತೇನೆ ಎನ್ನುತ್ತಾನೆ. ಅಪಾಯವೆಂದು ಖಂಡಿತ ಬೇಡವೆಂದೆ. ಸರಿಯಷ್ಟೆ?" ಎಂದು ಕೇಳಿದರು.

"ರಾಯರೇ, ಅವನು ರಾತ್ರಿ ಎಲ್ಲಿ ಓಡಿಸುತ್ತಾನೆ?" ಎಂದೆ.

ಅವರು ಉತ್ತರ ಕೊಡಲಿಲ್ಲ.

ಓಟದ ಹಾದಿಯಲ್ಲಿ ಅಪಾಯವಿಲ್ಲವೆಂದು ನಾನು ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಅಸತ್ಯವಾಗುತ್ತಿತ್ತು. ೨೦೨೩ರ ಆಗಸ್ಟ್ ೫ರಂದು ಅದೇ ಇರುಂಗಾಟ್ಟುಕೋಟ್ಟೈಯ ಹಾದಿಯಲ್ಲಿ ನಮ್ಮ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬನು ರಾಷ್ಟ್ರೀಯ ಮೋಟಾರು ಸೈಕಲ್ ಪಂದ್ಯದಲ್ಲಿ ಬಿದ್ದು ತೀರಿಕೊಂಡನು. ಒಳ್ಳೆಯ ಭವಿಷ್ಯವಿದ್ದ ಹುಡುಗ. ಅಷ್ಟು ಎಳೆಯ ವಯಸ್ಸಿನವರನ್ನು ಅಷ್ಟು ವೇಗಕ್ಕೆ ಒಡ್ಡಬಹುದೇ ಎಂಬ ಪ್ರಶ್ನೆಗೆ ನನ್ನ ಮನಸ್ಸು ಬಾರದೆಂದೇ ಹೇಳುತ್ತದೆ. ಆದರೆ ಹಾದಿಗೂ ಬೀದಿಗೂ ಇರುವ ಅಂತರವನ್ನು ಮರೆಯಕೂಡದು. ಹಾದಿಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುವರು; ಅಡ್ಡ ಬರುವ ಹಸುವಿಲ್ಲ, ರಸ್ತೆ ದಾಟುವ ಮುದುಕಿಯಿಲ್ಲ. ತಲೆಯ ಕಾಪನ್ನೂ ಗಾಡಿಯ ತಡೆಯನ್ನೂ ಪರೀಕ್ಷಿಸುವರು. ವೈದ್ಯನೂ ಆಂಬುಲೆನ್ಸೂ ಸಿದ್ಧವಾಗದೆ ಓಟ ಹೊರಡದು. ಕೆಂಪು ಬಾವುಟ ಬೀಸಿದೊಡನೆ ಎಲ್ಲರೂ ನಿಲ್ಲಿಸಬೇಕು. ಬೀದಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿ ಸಾಯುವವನು ಪಂದ್ಯಕ್ಕೆ ಒಪ್ಪದೆ ಇದ್ದವನೂ ಆಗಬಹುದು. ಕೇಂದ್ರ ಸರ್ಕಾರದ ಲೆಕ್ಕದಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಹತ್ತು ಸಾವುಗಳಲ್ಲಿ ಏಳಕ್ಕೆ ಕಾರಣ ಅತಿವೇಗ.

ಕಾಯಿದೆಯನ್ನೂ ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ಓಡಿಸಿದರೆ ಮೋಟಾರು ವಾಹನಗಳ ಕಾಯಿದೆಯ ೧೮೯ನೆಯ ಪ್ರಕರಣದಂತೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ, ೫,೦೦೦ ರೂಪಾಯಿಯವರೆಗೆ ದಂಡ. ಹದಿನೆಂಟು ತುಂಬದ ಹುಡುಗನು ಗಾಡಿ ನಡೆಸಿ ತಪ್ಪಿತಸ್ಥನಾದರೆ, ೨೦೧೯ರ ತಿದ್ದುಪಡಿಯಂತೆ ಶಿಕ್ಷೆ ತಂದೆಗೆ ಅಥವಾ ಗಾಡಿಯ ಒಡೆಯನಿಗೆ: ಮೂರು ವರ್ಷದವರೆಗೆ ಸೆರೆ, ೨೫,೦೦೦ ರೂಪಾಯಿ ದಂಡ. ತನಗೆ ತಿಳಿಯದೆ ನಡೆಯಿತೆಂದು ರುಜುವಾತು ಮಾಡುವ ಹೊಣೆಯೂ ಅವನದೇ.

ವೇಗದಲ್ಲಿ ಹೆಸರು ಪಡೆದವರು ನಮ್ಮ ಊರಿನಲ್ಲಿ ಕಡಮೆಯಿಲ್ಲ. ಕಠಿನವಾದ ಡಕಾರ್ ಪಂದ್ಯದಲ್ಲಿ ೨೦೧೫ರಲ್ಲಿ ಭಾಗವಹಿಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಬೆಂಗಳೂರಿನವರು. ೨೦೧೯ರಲ್ಲಿ ಮೋಟಾರು ಸೈಕಲ್ಲಿನ ವಿಶ್ವಕಪ್ಪನ್ನು ಮಹಿಳೆಯರ ವರ್ಗದಲ್ಲಿ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನ ಹೆಣ್ಣುಮಗಳು. ಆದರೂ ಹಾದಿಯ ಪಂದ್ಯವನ್ನು ಕ್ರಮವಾಗಿ ಕಲಿಯಬಯಸುವ ಹುಡುಗ ಬಹುಮಟ್ಟಿಗೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಹಣವುಳ್ಳವನು ಹೋಗುತ್ತಾನೆ, ಇಲ್ಲದವನು ರಾತ್ರಿಯ ರಸ್ತೆಗೆ ಇಳಿಯುತ್ತಾನೆ.

ಆದುದರಿಂದ ನಾಳೆ ಯಾರಾದರೂ ಬೆಂಗಳೂರಿನ ಬೀದಿಗಳಲ್ಲಿ ಜಗತ್ತಿನ ಪಂದ್ಯವನ್ನು ನಡೆಸುತ್ತೇವೆಂದು ಬಂದರೆ, ಊರಿನ ಕೀರ್ತಿಯ ಮಾತಿಗೆ ಮರುಳಾಗದೆ ನಾವು ಮೂರು ಪ್ರಶ್ನೆಗಳನ್ನು ಕೇಳೋಣ. ಬಿದ್ದವನ ಬಳಿಗೆ ನೆರವು ಎಷ್ಟು ನಿಮಿಷದಲ್ಲಿ ತಲಪುತ್ತದೆ? ಆ ರಸ್ತೆಯ ನಿವಾಸಿಗಳನ್ನು ಕೇಳಿದ್ದೀರಾ? ಪಂದ್ಯ ಮುಗಿದ ಮೇಲೆ ನಮ್ಮ ಹುಡುಗರಿಗೆ ಏನು ಉಳಿಯುತ್ತದೆ? ಅದರ ಬದಲು ಊರ ಹೊರಗೆ, ಜನವಸತಿಗೆ ದೂರವಾಗಿ, ಆಡಂಬರವಿಲ್ಲದ ಒಂದು ಸಣ್ಣ ಹಾದಿಯನ್ನು ಕಟ್ಟಿ, ಕಡಮೆಯ ಶುಲ್ಕದಲ್ಲಿ ಶಿಸ್ತಿನ ಶಿಕ್ಷಣ ಕೊಡುವುದಾದರೆ, ಅದು ಹತ್ತು ದೊಡ್ಡ ಪಂದ್ಯಗಳಿಗಿಂತ ಮೇಲು.

ಅಲ್ಲಿಯವರೆಗೂ ತಂದೆತಾಯಿಗಳ ಕೆಲಸ ಮನೆಯಲ್ಲಿಯೇ ಇದೆ. ಗಾಡಿಯ ಕೀಲಿಯನ್ನು ಮಗನ ಕೈಗೆ ಕೊಡುವ ದಿನ, ಎಷ್ಟು ವೇಗ, ಎಷ್ಟು ಹೊತ್ತಿನವರೆಗೆ, ಯಾವ ದಾರಿ ಎಂಬುದನ್ನೂ ಸ್ಪಷ್ಟವಾಗಿ ಗೊತ್ತುಮಾಡಿ ಕೊಡಲಿ. ಅತ್ತಿಯ ಕೊಂಬೆಯನ್ನು ನೆಡದೆ ರಥವನ್ನು ಬಿಟ್ಟವರು, ಅದು ಎಲ್ಲಿ ಹೋಗಿ ನಿಂತಿತೆಂದು ಆಮೇಲೆ ಯಾರನ್ನು ಕೇಳಿಯಾರು?