ಮಗು ಗುಣವಾದ ಮೇಲೆ ಉಳಿಯುವ ಋಣ

ಮೃತ್ಯುವಿನ ಬಾಗಿಲವರೆಗೆ ಹೋದ ಮಗುವನ್ನು ಮರಳಿ ಪಡೆದ ತಂದೆತಾಯಿಗಳು ವೈದ್ಯರಿಗೆ ಕೈಮುಗಿದು ‘ನೀವೇ ನಮ್ಮ ಪಾಲಿನ ದೇವರು’ ಎಂದಾಗ, ಆ ಮಾತಿನಲ್ಲಿ ಅತಿಶಯೋಕ್ತಿಯನ್ನು ಹುಡುಕಹೊರಡುವುದು ಹೃದಯಹೀನತೆಯೇ ಸರಿ. ಆದರೂ ಅವರ ಕೃತಜ್ಞತೆಯು ಅಷ್ಟರಲ್ಲಿ ಪೂರ್ಣವಾಗುತ್ತದೆಯೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ದೇವರೆನಿಸಿಕೊಂಡವನು ಸೋಲುವಂತಿಲ್ಲ. ಇಂದು ಅವನ ಕಾಲಿಗೆರಗಿದ ಲೋಕವೇ ನಾಳೆ ಪಕ್ಕದ ಹಾಸಿಗೆಯ ಮಗು ತೀರಿಕೊಂಡಾಗ ಅವನ ಕೊರಳಪಟ್ಟಿಗೆ ಕೈಹಾಕುವುದನ್ನು ನಾವು ಕಂಡಿದ್ದೇವೆ.

ಮಕ್ಕಳ ರಕ್ತಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಎರಡು ಮೂರು ವರ್ಷಗಳವರೆಗೆ ನಡೆಯುವ ಆ ಚಿಕಿತ್ಸೆಯಲ್ಲಿ ವೈದ್ಯರು ಹಾಸಿಗೆಯ ಬಳಿ ನಿಲ್ಲುವ ಹೊತ್ತು ಸ್ವಲ್ಪ. ನಡುರಾತ್ರಿ ಜ್ವರವೇರಿದಾಗ ಬಾಡಿದ ಪುಟ್ಟ ಕೈಯಲ್ಲಿ ನರ ಹುಡುಕಿ ಡ್ರಿಪ್ಪು ಹಾಕುವವರು ದಾದಿಯರು, ವಾಂತಿಯಾದ ನೆಲವನ್ನು ಒರೆಸುವವರು ಆಯಾಗಳು. ಪ್ಲೇಟ್‌ಲೆಟ್ಟುಗಳನ್ನು ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಕಾಲ ಇಡಲಾಗದ ಕಾರಣ, ಅವು ಬೇಕಾದ ವಾರವೇ ಯಾರೋ ಅಪರಿಚಿತನೊಬ್ಬನು, ಯಾವ ಮಗುವಿಗೆಂಬುದನ್ನರಿಯದೆ, ತೋಳು ಚಾಚಿ ಕುಳಿತಿರಬೇಕು.

ಇದಕ್ಕೂ ಹಿಂದಿನ ಋಣವೊಂದುಂಟು. ಅದೇ ಎಲ್ಲಕ್ಕಿಂತ ಹಿರಿದೆಂದು ನನ್ನ ಎಣಿಕೆ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು 1948ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದೇ ವ್ಯಾಧಿಗೆ ತುತ್ತಾದ 16 ಮಕ್ಕಳ ಪ್ರಸ್ತಾಪವಿದೆ. ಆಂಧ್ರದ ಭೀಮಾವರದಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾಯರು ಮುನ್ನಡೆಸುತ್ತಿದ್ದ ಲೆಡರ್ಲೆ ಪ್ರಯೋಗಶಾಲೆಯಿಂದ ಬಂದ ಅಮಿನಾಪ್ಟೆರಿನ್ ಎಂಬ ಔಷಧದಿಂದ ಅವರಲ್ಲಿ 10 ಮಂದಿ ಚೇತರಿಸಿಕೊಂಡರು. ಆದರೆ ಅದು ಕೆಲವು ತಿಂಗಳ ಚೇತರಿಕೆ, ವ್ಯಾಧಿ ಮರಳಿ ಬಂದಿತು. ಆ ತಂದೆತಾಯಿಗಳಿಗೆ ಅಲ್ಪಾವಧಿಯ ಆಸೆಯ ಹೊರತು ಬೇರೇನೂ ದೊರೆಯಲಿಲ್ಲ. ಆದರೆ ಆ ಔಷಧದ ಅತಿಸಮೀಪದ ಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಈ ಚಿಕಿತ್ಸೆಯ ಆಧಾರಗಳಲ್ಲೊಂದಾಗಿದೆ. ಉತ್ತಮ ಚಿಕಿತ್ಸೆ ಕೊನೆಯವರೆಗೂ ದೊರೆಯುವ ದೇಶಗಳಲ್ಲಿ ಈ ವ್ಯಾಧಿಯ ಅತಿಸಾಮಾನ್ಯ ಪ್ರಭೇದಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಇಂದು ಗುಣವಾದ ಮಗುವಿನ ತಾಯಿ, ತಾನೆಂದೂ ಕಾಣದ ಆ ತಾಯಂದಿರಿಗೆ ಋಣಿಯಲ್ಲವೆ?

ಸಂಬಳ ಪಡೆದು ಮಾಡಿದ ಕರ್ತವ್ಯಕ್ಕೆ ಕೃತಜ್ಞತೆಯೇಕೆ ಎಂದು ಕೇಳುವವರಿದ್ದಾರೆ. ಚಿಕಿತ್ಸೆಯು ಪ್ರಜೆಯ ಹಕ್ಕೆಂಬುದನ್ನು ನಾನೂ ಒಪ್ಪುತ್ತೇನೆ. ಹಕ್ಕಾಗಿದ್ದರೆ ಮಾತ್ರ ಕೃತಜ್ಞತೆ ನಿರ್ಮಲವಾಗಿರಬಲ್ಲುದೆಂದೂ ನಂಬಿದ್ದೇನೆ. ಎಲ್ಲಿ ಹಾಸಿಗೆ ಕೈತಪ್ಪೀತೋ ಎಂಬ ಭೀತಿಯಿಂದ ಬಡ ತಂದೆಯೊಬ್ಬನು ಗುಮಾಸ್ತನ ಮುಂದೆ ‘ತಮ್ಮ ದಯೆ’ ಎಂದು ಬಾಗುವುದು ದೈನ್ಯವೇ ಹೊರತು ಕೃತಜ್ಞತೆಯಲ್ಲ. ಇನ್ನು, ಮಗುವನ್ನು ಕಳೆದುಕೊಂಡ ಮೇಲೂ ದಾದಿಯರನ್ನು ನೆನೆದು ಹರಸುವ ತಾಯಂದಿರುಂಟು. ಅವರು ಗೌರವಿಸುವುದು ಫಲವನ್ನಲ್ಲ, ತಮ್ಮ ಕಂದನಿಗೆ ಸಂದ ಆರೈಕೆಯನ್ನು.

ಇಂಥ ಋಣವನ್ನು ಕೊಟ್ಟವರಿಗೇ ಹಿಂದಿರುಗಿಸಲು ಬರುವುದಿಲ್ಲ; ಮುಂದೆ ಬರುವವರಿಗೆ ಸಲ್ಲಿಸಬೇಕು. ರಕ್ತ ಕೊಡುವುದು ಒಂದು ಬಗೆ. ನಮ್ಮ ನಾಡಿನಲ್ಲಿ ಅದಕ್ಕಿಂತಲೂ ತುರ್ತಾದುದು ಇನ್ನೊಂದಿದೆ: ದೂರದ ಊರುಗಳಿಂದ ಬಂದ ಎಷ್ಟೋ ಕುಟುಂಬಗಳು ಬಸ್ಸಿನ ಖರ್ಚಿಗೂ ಕೂಲಿಯ ನಷ್ಟಕ್ಕೂ ಸೋತು, ಮಗು ಚೇತರಿಸಿಕೊಂಡಂತೆ ಕಂಡೊಡನೆ ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುತ್ತವೆ. ಅವರಿಗೆ ಖರ್ಚಿನ ಆಸರೆಯೂ ಬೇಕು, ಧೈರ್ಯವೂ ಬೇಕು. ‘ಇನ್ನಷ್ಟು ದಿನ ತಾಳಿಕೊಳ್ಳಿ, ನಮ್ಮ ಮಗುವೂ ಹೀಗೆಯೇ ಇತ್ತು’ ಎಂದು ಹೇಳುವ ಅಧಿಕಾರ, ಆ ದಾರಿಯನ್ನು ನಡೆದು ಮುಗಿಸಿದ ತಂದೆತಾಯಿಗಳಿಗಿರುವಷ್ಟು ಯಾವ ವೈದ್ಯರಿಗೂ ಇಲ್ಲ.